ಉತ್ತರಕುಮಾರರ ಸೇನೆ

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನನ್ನನ್ನು ಸೇನೆಯ ಅಡುಗೆಮನೆಗೆ ಹಾಕಿದರು. ಆಲೂಗಡ್ಡೆ ಸುಲಿಯುವ ಕೆಲಸ.

ತಪ್ಪು ನನ್ನದೇ. ಗೆಳೆಯನೊಬ್ಬ ಫೋನಿಗೆ ಒಂದು ಕ್ವಿಜ್ ಕಳಿಸಿದ್ದ. ಯುದ್ಧದ ಇತಿಹಾಸ ನಿಮಗೆಷ್ಟು ಗೊತ್ತು, ನೋಡಿಯೇ ಬಿಡಿ ಅಂತ. ಹತ್ತು ಪ್ರಶ್ನೆ, ಒಂದೊಂದಕ್ಕೆ ಹದಿನೈದು ಸೆಕೆಂಡು. ಹತ್ತಕ್ಕೆ ಹತ್ತು ಬಂದರೆ ನೀವು ಫೀಲ್ಡ್ ಮಾರ್ಷಲ್. ಏಳೆಂಟು ಬಂದರೆ ಕರ್ನಲ್. ನಾಲ್ಕಕ್ಕಿಂತ ಕೆಳಗಿಳಿದರೆ ಒಬ್ಬ ಅಡುಗೆಯವನ ಚಿತ್ರ ಬರುತ್ತದೆ. ಕೈಯಲ್ಲಿ ಚಾಕು, ಪಕ್ಕದಲ್ಲಿ ಆಲೂಗಡ್ಡೆ ಬುಟ್ಟಿ. ನನಗೆ ಬಂದದ್ದು ಮೂರು.

ಮೊದಲ ಪ್ರಶ್ನೆಯಲ್ಲೇ ಮುಗ್ಗರಿಸಿದೆ. ‘ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧ ಎಷ್ಟು ವರ್ಷ ನಡೆಯಿತು?’ ಇಷ್ಟು ಸುಲಭದ ಪ್ರಶ್ನೆಯನ್ನು ನಾನು ಜನ್ಮದಲ್ಲೇ ನೋಡಿರಲಿಲ್ಲ. ನೂರು ಅಂತ ಒತ್ತಿದೆ. ಪರದೆ ಕೆಂಪಾಯಿತು. 116 ಅಂತೆ, 1337ರಿಂದ 1453. ಆ ಅವಧಿಯಲ್ಲಿ ವರ್ಷಗಟ್ಟಲೆ ಕದನವಿರಾಮ ಇತ್ತು, 1348ರಲ್ಲಿ ಪ್ಲೇಗ್ ಬಂದು ಎರಡೂ ಕಡೆಯವರನ್ನು ಗುಡಿಸಿ ಹಾಕಿತ್ತು. ಅದ್ಯಾವುದೂ ಲೆಕ್ಕಕ್ಕಿಲ್ಲ. ಹೊಡೆದಾಡುತ್ತಿದ್ದವರಿಗೆ ತಮ್ಮ ಯುದ್ಧದ ಹೆಸರೇ ಗೊತ್ತಿರಲಿಲ್ಲ. ಎಷ್ಟೋ ಶತಮಾನ ಕಳೆದ ಮೇಲೆ ಇತಿಹಾಸಕಾರರು ಇಟ್ಟ ಹೆಸರು ಅದು. ಆ ಕಾಲದ ಬಿಲ್ಲುಗಾರನನ್ನೇ ಕರೆತಂದು ಕೂರಿಸಿದ್ದರೂ ಅವನೂ ನನ್ನ ಪಕ್ಕ ಚಾಕು ಹಿಡಿದು ಕೂರುತ್ತಿದ್ದ. (ಯುರೋಪಿಗೆ ಆಗಿನ್ನೂ ಆಲೂಗಡ್ಡೆಯೇ ಬಂದಿರಲಿಲ್ಲ. ಪಾಪ, ಇದೇನಪ್ಪಾ ಅಂತ ನನ್ನನ್ನೇ ಕೇಳುತ್ತಿದ್ದನೇನೋ.)

ಎರಡನೆಯದು, ಜಗತ್ತಿನ ಅತಿ ಚಿಕ್ಕ ಯುದ್ಧ ಎಷ್ಟು ನಿಮಿಷ ನಡೆಯಿತು ಅಂತ. ಇದು ನನಗೆ ಗೊತ್ತಿತ್ತು! 1896ರ ಆಗಸ್ಟ್ 27, ಆಫ್ರಿಕಾದ ಪೂರ್ವ ಕರಾವಳಿಯ ಜಂಜಿಬಾರ್ ದ್ವೀಪ. ಬ್ರಿಟಿಷರಿಗೆ ಇಷ್ಟವಿಲ್ಲದ ಖಾಲಿದ್ ಎಂಬಾತ ಸುಲ್ತಾನನ ಗದ್ದುಗೆ ಏರಿದ್ದ. ಬೆಳಗ್ಗೆ ಒಂಬತ್ತರೊಳಗೆ ಇಳಿ ಅಂತ ಗಡುವು ಕೊಟ್ಟರು. ಇಳಿಯಲಿಲ್ಲ. ಬಂದರಿನಲ್ಲಿ ನಿಂತಿದ್ದ ಹಡಗುಗಳು ಅರಮನೆಗೆ ಗುಂಡಿಟ್ಟವು. ಆಯ್ಕೆಗಳು 38, 40, 45. ನಾನು ಓದಿದ್ದ ಕಡೆ 45 ಇತ್ತು, 38 ಅಂತ ಬರೆದವರೂ ಇದ್ದಾರೆ. 45 ಒತ್ತಿದೆ. ಮತ್ತೆ ಕೆಂಪು.

ಏಳು ನಿಮಿಷದ ವ್ಯತ್ಯಾಸಕ್ಕೆ ಒಂದು ಅಂಕ ಹೋಯಿತು. ಆ ಅರಮನೆಯೊಳಗೆ ಮತ್ತು ಸುತ್ತಮುತ್ತ ಸುಮಾರು 500 ಜನ ಸತ್ತರು ಇಲ್ಲವೇ ಗಾಯಗೊಂಡರು. ಬ್ರಿಟಿಷರ ಕಡೆ ಗಾಯವಾದದ್ದು ಒಬ್ಬ ನಾವಿಕನಿಗೆ. ಆದರೆ ಕ್ವಿಜ್ ಮಾಡಿದವರ ಪ್ರಕಾರ ಅವತ್ತು ಜಂಜಿಬಾರಿನಲ್ಲಿ ಮುಖ್ಯವಾಗಿ ಇದ್ದದ್ದು ಒಂದು ಗಡಿಯಾರ. ಸೂರು ಕುಸಿಯುತ್ತಿರುವಾಗ ಒಳಗಿದ್ದವರು ಟೈಮ್ ನೋಡಿ ಬರೆದಿಡಲಿಲ್ಲ ಅನ್ನುವುದೇ ದೊಡ್ಡ ಲೋಪ.

ಮೂರನೆಯದು ಸರಿಯಾಯಿತು. ಮೊದಲ ಮಹಾಯುದ್ಧದ ಸೊಮ್ ಕದನ ಶುರುವಾದದ್ದು ಯಾವಾಗ? 1916ರ ಜುಲೈ 1. ಒತ್ತಿದ ಕೂಡಲೇ ಟಣ್ ಅಂತ ಗಂಟೆ ಬಾರಿಸಿತು. ಪರದೆಯ ಮೇಲಿಂದ ಬಣ್ಣದ ಕಾಗದದ ಚೂರುಗಳು ಉದುರತೊಡಗಿದವು. ಕೆಂಪು, ಹಳದಿ, ನೀಲಿ. ‘ಭೇಷ್, ಯೋಧ!’ ಅಂತ ಬೇರೆ ಬಂತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೆನಪಾಯಿತು. ಆ ಒಂದೇ ದಿನ ಬ್ರಿಟಿಷ್ ಸೇನೆಯಲ್ಲಿ ಸತ್ತವರು 19,240. ಸೆಕೆಂಡಿಗೊಂದರಂತೆ ಬರೀ ಹೆಸರು ಓದಿದರೂ 5 ಗಂಟೆ 20 ನಿಮಿಷ ಬೇಕು. ನನಗೆ ಕೊಟ್ಟಿದ್ದು ಹದಿನೈದು ಸೆಕೆಂಡು, ಅದರಲ್ಲಿ ಹನ್ನೆರಡು ಉಳಿಸಿದ್ದಕ್ಕೆ ‘ವೇಗದ ಬೋನಸ್’ ಕೂಡ ಸಿಕ್ಕಿತು. ಕಾಗದದ ಚೂರುಗಳು ಇನ್ನೂ ಉದುರುತ್ತಲೇ ಇದ್ದವು.

ಆಮೇಲೆ ಕುದುರೆಗಳು ಬಂದವು. ಯುದ್ಧದ ಕ್ವಿಜ್ ಮಾಡುವವರಿಗೆ ಕುದುರೆ ಅಂದರೆ ಯಾಕೋ ಭಾರಿ ಪ್ರೀತಿ. ಅಲೆಕ್ಸಾಂಡರನ ಕುದುರೆ ಬ್ಯುಸೆಫಲಸ್, ವೆಲ್ಲಿಂಗ್ಟನ್ನನದು ಕೋಪನ್‌ಹೇಗನ್, ನೆಪೋಲಿಯನ್ನನದು ಮರೆಂಗೊ. ಮರೆಂಗೊನ ಎಲುಬಿನ ಗೂಡು ಲಂಡನ್ನಿನ ಮ್ಯೂಸಿಯಂನಲ್ಲಿ ನಿಂತಿದೆ. ನೆಪೋಲಿಯನ್ನನ ಲಾಯದ ದಫ್ತರ ತಿರುವಿ ಹಾಕಿದವರಿಗೆ ಮಾತ್ರ ಆ ಹೆಸರಿನ ಕುದುರೆ ಸಿಕ್ಕಿಲ್ಲ. ಇರಲಿ ಬಿಡಿ, ಅಂಕ ಕೊಡುತ್ತಾರಲ್ವಾ.

ಕುದುರೆ ಕೇಳುವವರು ಹೇನನ್ನು ಯಾಕೆ ಕೇಳಲ್ಲ ಅನ್ನುವುದು ನನ್ನ ಪ್ರಶ್ನೆ. 1812ರಲ್ಲಿ ನೆಪೋಲಿಯನ್ ರಷ್ಯಾಕ್ಕೆ ಹೊರಟಾಗ ಜತೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಚಳಿ ಕೊಂದಿತು ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ಒಂದು ಅಂಕ ಉಂಟು. ಚಳಿ ಬೀಳುವ ಮೊದಲೇ, ಬೇಸಿಗೆಯಲ್ಲೇ ಸೈನ್ಯ ಹಸಿವಿಗೂ ಜ್ವರಕ್ಕೂ ಕರಗತೊಡಗಿತ್ತು. 2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಆ ಸೈನಿಕರ ಸಾಮೂಹಿಕ ಗೋರಿ ಸಿಕ್ಕಿತು. ಹಲ್ಲುಗಳನ್ನು ಪರೀಕ್ಷಿಸಿ ನೋಡಿದರೆ ಹೇನಿನಿಂದ ಹರಡುವ ರೋಗಗಳ ಗುರುತು. ಸಮವಸ್ತ್ರದ ಹೊಲಿಗೆಯಲ್ಲಿ ಕೂತಿದ್ದ ಹೇನು ಎಷ್ಟೋ ಜನರಲ್‌ಗಳಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಆದರೆ ಹೇನಿಗೆ ಹೆಸರಿಲ್ಲ. ಹೆಸರಿಲ್ಲದ ಮೇಲೆ ನಾಲ್ಕು ಆಯ್ಕೆ ಕೊಡುವುದು ಹೇಗೆ?

ಈಮು ಹಕ್ಕಿಗಳಿಲ್ಲದ ಕ್ವಿಜ್ ಉಂಟೇ? 1932ರಲ್ಲಿ ಆಸ್ಟ್ರೇಲಿಯಾ ಸೇನೆಯನ್ನು ಸೋಲಿಸಿದವರು ಯಾರು? ಹಹ್ಹಾ, ಈಮುಗಳು. ಗೋಧಿ ಹೊಲಕ್ಕೆ ನುಗ್ಗುತ್ತಿದ್ದ ಹಕ್ಕಿಗಳನ್ನು ಕೊಲ್ಲಲು ಎರಡು ಲೂಯಿಸ್ ಮೆಷಿನ್ ಗನ್, 10,000 ಗುಂಡು, ಮೇಲೊಬ್ಬ ಮೇಜರ್. ಹಕ್ಕಿಗಳು ಚದುರಿ ಓಡಿದವು, ಸೇನೆ ವಾಪಸ್ ಬಂತು. ನಾನೂ ನಕ್ಕವನೇ. ಅಲ್ಲಿ ಗೋಧಿ ಬೆಳೆಯುತ್ತಿದ್ದವರಲ್ಲಿ ಅನೇಕರು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಯುದ್ಧ ಮುಗಿದ ಮೇಲೆ ಸರ್ಕಾರ ಅವರಿಗೆ ಜಮೀನು ಕೊಟ್ಟು ಕೈತೊಳೆದುಕೊಂಡಿತ್ತು. ಗೋಧಿ ಬೆಲೆ ಬಿತ್ತು, ಕೊಡುತ್ತೇವೆ ಅಂದಿದ್ದ ಸಹಾಯಧನ ಬರಲಿಲ್ಲ. ಬಂದದ್ದು ಮೆಷಿನ್ ಗನ್. ಇದನ್ನು ಕೇಳಬೇಕಾದರೆ ಪ್ರಶ್ನೆ ಮೂರು ಸಾಲು ಆಗುತ್ತೆ, ಹಾಗಾಗಿ ಹಕ್ಕಿ ಸಾಕು.

ಕ್ವಿಜ್ ಆಡಿ ಸುಮ್ನೆ ಮಲಗಿದರೆ ಯಾರಿಗೂ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಬೆಳಗ್ಗೆ. ನನ್ನ ಗೆಳೆಯನಿಗೆ ಹತ್ತಕ್ಕೆ ಹತ್ತು ಬಂದಿತ್ತು. ಫೀಲ್ಡ್ ಮಾರ್ಷಲ್ ಪದವಿಯ ಚಿತ್ರವನ್ನು ಗೆಳೆಯರ ಗುಂಪಿಗೆ ಹಾಕಿದ. ಮರುಕ್ಷಣ ಅವನ ಬರವಣಿಗೆಯ ಧಾಟಿಯೇ ಬದಲಾಯಿತು. ಜಗತ್ತಿನ ಯಾವ ಮೂಲೆಯಲ್ಲಿ ಕದನವಿರಾಮ ಅಂದರೂ ಅವನಿಗೆ ಸಿಟ್ಟು. ‘ಇದೇ ಟೈಮಲ್ಲಿ ನುಗ್ಗಬೇಕಿತ್ತು. ಎಡಗಡೆಯಿಂದ ಸುತ್ತುವರಿದಿದ್ದರೆ ಮುಗೀತಿತ್ತು.’ ಯಾವ ಎಡಗಡೆ ಅಂತ ಕೇಳಿದೆ. ‘ನಿನಗೆ ಬಂದದ್ದು ಮೂರು. ನೀನು ಮಾತಾಡಬೇಡ’ ಅಂದ.

ನಿಜ, ಶಿಸ್ತು ಅಂದರೆ ಶಿಸ್ತು. ಉತ್ತರನ ಪೌರುಷ ಒಲೆ ಮುಂದೆ ಅಂತ ಗಾದೆ ಇದೆಯಲ್ಲ. ಆ ಉತ್ತರಕುಮಾರ ಕಡೇಪಕ್ಷ ರಥ ಹತ್ತಿ ಯುದ್ಧಭೂಮಿಯವರೆಗೆ ಹೋಗಿದ್ದ. ಕೌರವರ ಸೈನ್ಯವನ್ನು ಕಣ್ಣಾರೆ ನೋಡಿದ ಮೇಲೆಯೇ ರಥದಿಂದ ಹಾರಿ ಓಡಿದ್ದು. ಯುದ್ಧ ಅಂದರೆ ಏನು ಅಂತ ಅವನಿಗೆ ಸರಿಯಾಗಿಯೇ ಅರ್ಥವಾಗಿತ್ತು ಅನಿಸುತ್ತದೆ. ನಮ್ಮ ಸರಿ-ಉತ್ತರಕುಮಾರರು ದಿಂಬಿಗೆ ಒರಗಿಕೊಂಡೇ ಅಕ್ಷೋಹಿಣಿಗಳನ್ನು ಮುಗಿಸುತ್ತಾರೆ. ಚಾರ್ಜ್ ಐದು ಪರ್ಸೆಂಟಿಗೆ ಇಳಿದಾಗ ಮಾತ್ರ ಹಿಮ್ಮೆಟ್ಟುತ್ತಾರೆ.

ಅವಮಾನ ತಡೆಯಲಾಗಲಿಲ್ಲ. ಕೊನೆಯಲ್ಲಿ ‘ಮತ್ತೊಮ್ಮೆ ಪ್ರಯತ್ನಿಸಿ’ ಅಂತ ಒಂದು ಗುಂಡಿ ಇತ್ತು, ಒತ್ತಿದೆ. ಅದೇ ಹತ್ತು ಪ್ರಶ್ನೆ, ಅದೇ ಕ್ರಮ! 116. 38. ಜುಲೈ 1. ಮರೆಂಗೊ. ಈಮು. ಎರಡು ನಿಮಿಷವೂ ಆಗಲಿಲ್ಲ, ಹತ್ತಕ್ಕೆ ಹತ್ತು. ನೆಪೋಲಿಯನ್ 1785ರಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದವನು ಬ್ರಿಗೇಡಿಯರ್ ಜನರಲ್ ಆಗಲು 1793ರವರೆಗೆ ಕಾಯಬೇಕಾಯಿತು. ನಾನು ಆಲೂಗಡ್ಡೆಯಿಂದ ನೇರ ಫೀಲ್ಡ್ ಮಾರ್ಷಲ್.

ಚಿತ್ರವನ್ನು ಗುಂಪಿಗೆ ಹಾಕಿದೆ. ಅಲ್ಲಿ ಉಳಿದವರೂ ಅದೇ ಗುಂಡಿ ಒತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಸಂಜೆಯ ಹೊತ್ತಿಗೆ ಗುಂಪಿನಲ್ಲಿ ಹನ್ನೊಂದು ಫೀಲ್ಡ್ ಮಾರ್ಷಲ್‌ಗಳು. ಹನ್ನೊಂದೂ ಜನಕ್ಕೆ ಎಡಗಡೆಯಿಂದಲೇ ನುಗ್ಗಬೇಕು. ನುಗ್ಗಲು ಸಿಪಾಯಿ ಒಬ್ಬನೂ ಇಲ್ಲ, ಆಲೂಗಡ್ಡೆ ಬುಟ್ಟಿ ಹಾಗೇ ಬಿದ್ದಿದೆ.