ಕೊನೆ ಹೆಸರು ಕಡ್ಡಾಯ

ನಮ್ಮ ಮಾವನವರಿಗೆ 72 ವರ್ಷ. ಹೆಸರು ಶಿವಣ್ಣ. ಜೊತೆಗೆ ಎರಡು ಇನಿಶಿಯಲ್, ಒಂದು ಊರಿನದು, ಒಂದು ಅಪ್ಪನದು. ಇಷ್ಟರಲ್ಲೇ ಇಡೀ ಬದುಕು ಸಾಗಿತ್ತು. ಹೋದ ತಿಂಗಳು ಒಂದು ಪ್ರಮಾಣಪತ್ರಕ್ಕೆ ಆನ್‌ಲೈನ್ ಅರ್ಜಿ ಹಾಕಲು ಕೂತಾಗಲೇ ಗೊತ್ತಾಗಿದ್ದು, ಅವರಿಗೆ ಲಾಸ್ಟ್ ನೇಮೇ ಇಲ್ಲ ಅಂತ.

ಕೆಂಪು ಅಕ್ಷರದಲ್ಲಿ ಬಂತು: 'ಲಾಸ್ಟ್ ನೇಮ್ ಕಡ್ಡಾಯ'. ಚುಕ್ಕಿ ಹಾಕಿದೆವು. 'ವಿಶೇಷ ಚಿಹ್ನೆ ಬಳಸುವಂತಿಲ್ಲ.' ಇನಿಶಿಯಲ್ ಹಾಕಿದೆವು. 'ಕನಿಷ್ಠ ಮೂರು ಅಕ್ಷರ ಬೇಕು.' ಮಾವ ಕನ್ನಡಕ ಒರೆಸಿಕೊಂಡು ಕೇಳಿದರು, "ನಮ್ಮಪ್ಪ ಹೆಸರಿಡೋವಾಗ ಏನಾದ್ರೂ ಬಿಟ್ಟುಬಿಟ್ರಾ?" ಅಷ್ಟರಲ್ಲಿ ಸೆಷನ್ ಮುಗಿದುಹೋಯಿತು.

ಸೈಬರ್ ಸೆಂಟರ್‌ಗೆ ಹೋದೆವು. ಅಲ್ಲಿನ ಹುಡುಗ ತಲೆಯನ್ನೂ ಎತ್ತಲಿಲ್ಲ. "ಹೆಸರನ್ನೇ ಎರಡು ಸಲ ಹಾಕ್ಬೇಕು ಸಾರ್. ಫೋಟೋ 50 ಕೆಬಿ ದಾಟಬಾರದು, 20ಕ್ಕಿಂತ ಕಮ್ಮಿ ಆದ್ರೂ ತಗೊಳಲ್ಲ. ಸಬ್‌ಮಿಟ್ ಒತ್ತಿದ ಮೇಲೆ ಏನೂ ಮುಟ್ಬೇಡಿ." ಅರ್ಜಿ ಉಚಿತ. ಈ ಜ್ಞಾನಕ್ಕೆ ನೂರು ರೂಪಾಯಿ.

ಇಂಥ ಜಾಲತಾಣಗಳ ಉದ್ಘಾಟನೆಗೆ ದೀಪ ಹಚ್ಚುತ್ತಾರೆ, ಶಾಲು ಹೊದಿಸುತ್ತಾರೆ. ಒಬ್ಬ ಅಜ್ಜನ ಕೈಗೆ ಮೌಸ್ ಕೊಟ್ಟು ನೋಡಿರುವುದಿಲ್ಲ, ಅಷ್ಟೇ. ಯೂಸಬಿಲಿಟಿ ಟೆಸ್ಟಿಂಗ್ ಅಂದರೆ ಅದೇ ಅಲ್ವಾ? ಬಳಸುವವರಿಗೆ ಒಂದು ಕೆಲಸ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು, ಎಲ್ಲಿ ತಡವರಿಸುತ್ತಾರೆ ಅಂತ ನೋಡುವುದು. (ಸುಮ್ನೆ ಕೂರುವುದೇ ದೊಡ್ಡ ಕಷ್ಟ.) ಒಂದು ಸುತ್ತಿಗೆ ಐದು ಜನ ಸಾಕು, ಸಿಕ್ಕಿದ ತಪ್ಪು ಸರಿಮಾಡಿ ಮತ್ತೆ ಐದು ಜನರನ್ನು ಕೂರಿಸಿ ಅಂತ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು.

ಅದೇ ವರ್ಷ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ, ಫ್ಲಾರಿಡಾ ರಾಜ್ಯದ ಪಾಮ್ ಬೀಚ್‌ನಲ್ಲಿ, ವಯಸ್ಸಾದವರಿಗೂ ಕಾಣಲಿ ಅಂತ ಮತಪತ್ರದ ಅಕ್ಷರ ದೊಡ್ಡದು ಮಾಡಿದರು. ಹೆಸರುಗಳು ಎರಡು ಪುಟಕ್ಕೆ ಹರಡಿದವು. ತೂತುಗಳು ಮಾತ್ರ ನಡುವೆ ಒಂದೇ ಸಾಲು. ಅಲ್ ಗೋರ್‌ಗೆ ಅಂತ ಚುಚ್ಚಿದ ಎಷ್ಟೋ ವೋಟು ಇನ್ನೊಬ್ಬ ಅಭ್ಯರ್ಥಿ ಬುಕ್ಯಾನನ್‌ಗೆ ಹೋದವು. ಆ ರಾಜ್ಯದಲ್ಲಿ ಗೋರ್ ಎದುರಾಳಿ ಬುಷ್ ಗೆದ್ದಿದ್ದು 537 ವೋಟಿನಿಂದ.

ನಮ್ಮಲ್ಲಿ ಪರೀಕ್ಷೆ ನಡೆಯುವುದಿಲ್ಲ ಅನ್ನುವುದೂ ತಪ್ಪು. ಸೈಬರ್ ಸೆಂಟರ್ ಮುಂದೆ ಬೆಳಿಗ್ಗೆ ಹತ್ತಕ್ಕೇ ಐದು ಜನ ನಿಂತಿರುತ್ತಾರೆ. ಫೀಸು ಅವರೇ ಕೊಡುತ್ತಾರೆ. ಫಲಿತಾಂಶ ಪೂರ್ತಿ ಆ ಹುಡುಗನ ತಲೆಯಲ್ಲಿದೆ. ಯಾರೂ ಕೇಳಿಲ್ಲ.

ಮೊನ್ನೆ ಪ್ರಮಾಣಪತ್ರ ಬಂತು. 'ಶಿವಣ್ಣ ಶಿವಣ್ಣ' ಅಂತಿದೆ. ತಿದ್ದುಪಡಿಗೆ ಬೇರೆ ಅರ್ಜಿ ಹಾಕಬೇಕಂತೆ. ತೆರೆದು ನೋಡಿದೆ. ಅದರಲ್ಲೂ ಲಾಸ್ಟ್ ನೇಮ್ ಕಡ್ಡಾಯ.