ಓದಿನ ಸಾಲಕ್ಕೆ ದಿವಾಳಿಯ ದಾರಿ ತೆರೆಯಬೇಕೆ?

ಪರ

ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಮುಳುಗಿದವನು, ಆಸ್ಪತ್ರೆಯ ಬಿಲ್ ಕಟ್ಟಲಾಗದವನು, ವ್ಯಾಪಾರದಲ್ಲಿ ಕೈಸುಟ್ಟುಕೊಂಡವನು ದಿವಾಳಿ ನ್ಯಾಯಾಲಯಕ್ಕೆ ಹೋಗಿ ಋಣಮುಕ್ತನಾಗಬಹುದು. ಶಿಕ್ಷಕಿಯಾಗಬೇಕೆಂದು ಸಾಲ ಮಾಡಿ ಓದಿದವಳಿಗೆ ಮಾತ್ರ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಓದಿದ್ದೇ ತಪ್ಪಾಯಿತೇ?

ಬಾಗಿಲು ಮುಚ್ಚಿದ್ದು ಹಂತಹಂತವಾಗಿ. 1976ರ ಕಾನೂನು ಸರ್ಕಾರಿ ಖಾತರಿಯ ಸಾಲಕ್ಕೆ ಮೊದಲ ಐದು ವರ್ಷ ಮಾತ್ರ ತಡೆ ಹಾಕಿತ್ತು. 1990ರಲ್ಲಿ ಐದು ಏಳಾಯಿತು, 1998ರಲ್ಲಿ ಅವಧಿಯ ಮಾತೇ ಹೋಗಿ ತಡೆ ಶಾಶ್ವತವಾಯಿತು. 2005ರಲ್ಲಿ ಲಾಭಕ್ಕಾಗಿ ಸಾಲ ಕೊಡುವ ಖಾಸಗಿ ಸಂಸ್ಥೆಗಳಿಗೂ ಅದೇ ರಕ್ಷಣೆ ಸಿಕ್ಕಿತು. ತೆರಿಗೆದಾರರ ಹಣ ಉಳಿಸಲೆಂದು ಹುಟ್ಟಿದ ನಿಯಮ ಖಾಸಗಿ ಬ್ಯಾಂಕಿನ ಬಡ್ಡಿಯನ್ನು ಏಕೆ ಕಾಯಬೇಕು?

ಉಳಿದಿರುವುದು 'ಅತಿಯಾದ ಸಂಕಷ್ಟ' ಎಂಬ ಒಂದು ಕಿಂಡಿ. ಹಾಗೆಂದರೇನೆಂದು ಶಾಸನ ಹೇಳಲಿಲ್ಲ, 1987ರ ಬ್ರನ್ನರ್ ತೀರ್ಪು ಹೇಳಿತು: ಸಾಲ ತೀರಿಸಿದರೆ ಕನಿಷ್ಠ ಮಟ್ಟದ ಬದುಕೂ ನಡೆಯಬಾರದು, ಆ ಸ್ಥಿತಿ ಮುಂದೆಯೂ ಬಹುಕಾಲ ಉಳಿಯುವಂತಿರಬೇಕು, ಸಾಲಗಾರ ಪ್ರಾಮಾಣಿಕವಾಗಿ ಯತ್ನಿಸಿರಬೇಕು. ಆಗ ಐದು ವರ್ಷ ಕಾದವರಿಗೆ ಈ ಪರೀಕ್ಷೆಯೇ ಇರಲಿಲ್ಲ. ಇಂದು ಅದೇ ಅಳತೆಗೋಲು ಇಪ್ಪತ್ತು ವರ್ಷ ಕಂತು ಕಟ್ಟಿ ಸೋತವಳನ್ನೂ ಅಳೆಯುತ್ತದೆ. ಇದಕ್ಕಾಗಿ ದಿವಾಳಿ ಅರ್ಜಿಯ ಜೊತೆಗೆ ಪ್ರತ್ಯೇಕ ದಾವೆಯನ್ನೂ ಹೂಡಬೇಕು. ಕೈಯಲ್ಲಿ ಕಾಸಿಲ್ಲ ಎಂದು ಸಾಬೀತುಪಡಿಸಲು ವಕೀಲರಿಗೆ ಕಾಸು ಹೊಂದಿಸಬೇಕಾದ ಸ್ಥಿತಿ ನನ್ನನ್ನು ಕೆರಳಿಸುತ್ತದೆ. 2022ರ ನವೆಂಬರಿನಲ್ಲಿ ನ್ಯಾಯ ಇಲಾಖೆ ಸರ್ಕಾರಿ ಸಾಲಗಳಿಗೆ ಈ ಪ್ರಕ್ರಿಯೆಯನ್ನು ಸರಳಗೊಳಿಸಿತು, ನಿಜ. ಆದರೆ ಇಲಾಖೆಯ ಸೂಚನೆಯನ್ನು ಮುಂದಿನ ಸರ್ಕಾರ ಹಿಂತೆಗೆದುಕೊಳ್ಳಬಹುದು. ತಿದ್ದಬೇಕಾದದ್ದು ಶಾಸನವನ್ನೇ. ಮೊದಲಿನಂತೆ ಕೆಲವು ವರ್ಷಗಳ ಕಾಯುವಿಕೆ ಇರಲಿ, ಜೀವಾವಧಿ ಬೇಡ.

ವಿರೋಧ

ಮನೆಸಾಲ ಕೊಟ್ಟ ಬ್ಯಾಂಕಿಗೆ ಮನೆಯ ಆಧಾರವಿದೆ. ಕಲಿತ ವಿದ್ಯೆಯನ್ನು ಯಾರೂ ಜಪ್ತಿ ಮಾಡಲಾರರು. ಅಮೆರಿಕದ ಸರ್ಕಾರ ಹದಿನೆಂಟರ ಹುಡುಗಿಗೆ ಅಪ್ಪನ ಆಸ್ತಿಯನ್ನಾಗಲಿ ಹಳೆಯ ಸಾಲದ ಚರಿತ್ರೆಯನ್ನಾಗಲಿ ಕೇಳದೆ ಹಣ ಕೊಡುವುದು ಅವಳ ಮುಂದಿನ ದುಡಿಮೆಯನ್ನು ನಂಬಿ. ಪದವಿ ಪಡೆದ ದಿನ ವೈದ್ಯನಾಗುವವನ ಬಳಿಯೂ ಸಾಲವಲ್ಲದೆ ಬೇರೇನಿರುತ್ತದೆ? ದಿವಾಳಿಯ ಬಾಗಿಲು ಸಲೀಸಾಗಿ ತೆರೆದರೆ ಆ ನಂಬಿಕೆಗೇ ಪೆಟ್ಟು. ಖಾಸಗಿ ಸಾಲದಾತರು ಇನ್ನಷ್ಟು ಜಾಮೀನು ಕೇಳುತ್ತಾರೆ, ಜಾಮೀನು ಕೊಡುವವರಿಲ್ಲದ ಬಡವರ ಮಕ್ಕಳು ಹೊರಗುಳಿಯುತ್ತಾರೆ.

ಸಂಕಷ್ಟಕ್ಕೆ ಬೇರೆ ಪರಿಹಾರಗಳೂ ಇವೆ. ಆದಾಯಕ್ಕೆ ತಕ್ಕ ಕಂತಿನ ಯೋಜನೆಗಳಿವೆ. ಸಾರ್ವಜನಿಕ ಸೇವೆಯಲ್ಲಿದ್ದುಕೊಂಡು 10 ವರ್ಷದ ಕಂತು ಕಟ್ಟಿದವರ ಬಾಕಿ ಮನ್ನಾ ಮಾಡುವ ಕಾನೂನು 2007ರಲ್ಲೇ ಬಂದಿದೆ. ಅವುಗಳ ಜಾರಿ ಹದಗೆಟ್ಟಿತ್ತೆಂಬುದನ್ನು ಒಪ್ಪುತ್ತೇನೆ, ಅದನ್ನು ಸರಿಪಡಿಸಲಿ. ಭಾರತದ 2016ರ ದಿವಾಳಿ ಸಂಹಿತೆಯೂ ವಿದ್ಯಾರ್ಥಿ ಸಾಲವನ್ನು ನ್ಯಾಯಾಲಯದ ದಂಡ ಮತ್ತು ಜೀವನಾಂಶದ ಜೊತೆಗೆ, ಮನ್ನಾ ಆಗದ ಬಾಕಿಗಳ ಸಾಲಿನಲ್ಲಿಟ್ಟಿದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಬಿಡುಗಡೆ ಸಿಗುವುದು ಅರ್ಜಿ ಹಾಕಿದವನಿಗೆ ಮಾತ್ರ. ಶುಲ್ಕ ಏರಿಸುತ್ತಲೇ ಹೋದ ಕಾಲೇಜು ಪಡೆದ ಹಣ ಅದರ ಬಳಿಯೇ ಉಳಿಯುತ್ತದೆ. ಖಾಸಗಿ ಸಾಲಕ್ಕೆ ಮಗನ ಜೊತೆ ಸಹಿ ಹಾಕಿದ ತಾಯಿಯ ಹೊಣೆ ತೀರುವುದಿಲ್ಲ. ಮಗ ನ್ಯಾಯಾಲಯದಿಂದ ಹಗುರಾಗಿ ಹೊರಬಂದ ಮೇಲೆ ಬ್ಯಾಂಕಿನ ಪತ್ರ ಬರುವುದು ಅವಳ ಹೆಸರಿಗೆ.