ಮಾಲ್ ಉಳಿಯಬೇಕಾದರೆ ಜಾತ್ರೆ ಆಗಬೇಕಾ?

ಪರ: ಜನ ಸೇರಲಿ, ವ್ಯಾಪಾರ ಹಿಂದೆಯೇ ಬರುತ್ತದೆ

ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನಕ್ಕೆ ನೀವು ಏನು ಕೊಳ್ಳಲು ಹೋಗುತ್ತೀರಿ? ನಾನಂತೂ ಹೋಗುವುದು ಡೆಲ್ಲಿ ಹಪ್ಪಳಕ್ಕೆ. ಮಕ್ಕಳು ಬರುವುದು ಜೈಂಟ್ ವೀಲ್‌ಗೆ. ಯಾರೂ ಚೀಟಿ ಬರೆದುಕೊಂಡು ಹೋಗುವುದಿಲ್ಲ. ಆದರೂ ವಾಪಸ್ ಬರುವಾಗ ಕೈಯಲ್ಲಿ ಒಂದು ಬೆಡ್‌ಶೀಟೋ, ತರಕಾರಿ ಹೆಚ್ಚುವ ಹೊಸ ಯಂತ್ರವೋ ಇದ್ದೇ ಇರುತ್ತದೆ.

ಮಾಲ್‌ಗಳು ಕಲಿಯಬೇಕಾದ್ದು ಇದನ್ನೇ. ಬೆಲೆಯಲ್ಲಿ ಫೋನಿನ ಜೊತೆ ಪೈಪೋಟಿಗೆ ಇಳಿದರೆ ಸೋಲುವುದೇ. ಫ್ಲಿಪ್‌ಕಾರ್ಟ್ 2014ರಲ್ಲಿ ಬಿಗ್ ಬಿಲಿಯನ್ ಡೇಸ್ ಶುರು ಮಾಡಿದ ಮೇಲೆ ಹಬ್ಬದ ಡಿಸ್ಕೌಂಟ್ ಅಂದರೆ ಎಷ್ಟೋ ಜನ ಮೊದಲು ನೋಡುವುದು ಮೊಬೈಲನ್ನೇ. ಆದರೆ ಏಪ್ರಿಲ್ ಮಧ್ಯಾಹ್ನ ಅಜ್ಜಿ ಮೊಮ್ಮಗ ತಣ್ಣಗೆ ಓಡಾಡುವ ಜಾಗ ಆ್ಯಪ್‌ನಲ್ಲಿ ಎಲ್ಲಿದೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಮಂಡ್ಯದ ಹೆಂಗಸರು ಬಸ್ ಚಾರ್ಜಿಲ್ಲದೆ ಮೈಸೂರಿಗೆ ಬಂದುಹೋಗಬಹುದು. ಅವರನ್ನು ಕರೆಯಿರಿ. ನವರಾತ್ರಿಗೆ ಗೊಂಬೆ ಕೂರಿಸಿ, ಜನವರಿಯಲ್ಲಿ ಅವರೆಕಾಯಿ ಮೇಳ ಮಾಡಿ, ಸ್ವಸಹಾಯ ಸಂಘದವರಿಗೆ ವಾರಕ್ಕೆ ಎರಡು ದಿನ ಟೇಬಲ್ ಕೊಡಿ.

ಆನ್‌ಲೈನ್‌ನಲ್ಲೇ ಹುಟ್ಟಿದ ಲೆನ್ಸ್‌ಕಾರ್ಟ್, ನೈಕಾಗಳೇ ಆಮೇಲೆ ಅಂಗಡಿ ತೆರೆದವು. ಕನ್ನಡಕ ಮೂಗಿನ ಮೇಲೆ ಕೂರಬೇಕು, ಲಿಪ್‌ಸ್ಟಿಕ್ ಕೈಗೆ ಹಚ್ಚಿ ನೋಡಬೇಕು, ಅಲ್ವಾ?

ಒಂದೇ ಮಾತು. ಜಾತ್ರೆಗೆ ಬಂದವರ ಬಟ್ಟೆ ನೋಡಬಾರದು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಪಂಚೆ ಉಟ್ಟು ಸಿನಿಮಾಕ್ಕೆ ಬಂದ ರೈತರೊಬ್ಬರನ್ನು ಬಾಗಿಲಲ್ಲೇ ತಡೆದಿದ್ದರು. ನಮ್ಮ ಕಡೆ ಹಾಗೆ ಮಾಡಿದರೆ ಅರ್ಧ ಊರು ಹೊರಗೇ ನಿಲ್ಲಬೇಕಾಗುತ್ತದೆ.

ವಿರೋಧ: ಜಾತ್ರೆ ಬಾಡಿಗೆ ಕಟ್ಟುವುದಿಲ್ಲ

ವಸ್ತುಪ್ರದರ್ಶನದ ಹೋಲಿಕೆ ಕೇಳಲು ಚೆನ್ನ. ಆದರೆ ಅದು ಕೆಲವು ತಿಂಗಳ ಆಟ. ಮುಗಿದ ಮೇಲೆ ಮಳಿಗೆಯವರು ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ. ಮಾಲ್‌ನಲ್ಲಿ ಎಸ್ಕಲೇಟರ್, ಎಸಿ, ಸೆಕ್ಯುರಿಟಿ ವರ್ಷಪೂರ್ತಿ ಇರಬೇಕು. ಆ ಖರ್ಚು ಮೆಂಟೇನೆನ್ಸ್ ಹೆಸರಲ್ಲಿ ಅಂಗಡಿಯವರ ತಲೆಗೇ ಬರುತ್ತದೆ. ಬಾಡಿಗೆ ಬೇರೆ. ಎಷ್ಟೋ ಕಡೆ ಇರುವ ಕರಾರು ಹೀಗೆ: ಕನಿಷ್ಠ ಬಾಡಿಗೆ ಇಷ್ಟು, ಇಲ್ಲವೇ ಮಾರಾಟದಲ್ಲಿ ಇಷ್ಟು ಪರ್ಸೆಂಟ್, ಯಾವುದು ಜಾಸ್ತಿಯೋ ಅದು. ಗೊಂಬೆ ನೋಡಲು ಬಂದವರು ಸೆಲ್ಫಿ ತೆಗೆದುಕೊಂಡು, ಫುಡ್ ಕೋರ್ಟ್‌ನಲ್ಲಿ ತಿಂದು ಹೋದರೆ ಎರಡನೇ ಮಹಡಿಯ ಶೂ ಅಂಗಡಿಗೆ ಏನು ಸಿಕ್ಕಿತು?

ಸಿಗುವುದು ಇಷ್ಟೇ. ಶೂ ಹಾಕಿ ನೋಡುತ್ತಾರೆ. ಎಂಟು ನಂಬರ್ ಸರಿಹೋಗುತ್ತದೆ ಎಂದು ಗೊತ್ತಾದ ಮೇಲೆ ಅಲ್ಲೇ ನಿಂತು ಫೋನ್‌ನಲ್ಲಿ ಆರ್ಡರ್ ಮಾಡುತ್ತಾರೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಲೆನ್ಸ್‌ಕಾರ್ಟ್‌ನಂಥವರಿಗೆ ಪರವಾಗಿಲ್ಲ, ಅಂಗಡಿಯಲ್ಲಿ ಕೊಂಡರೂ ಆ್ಯಪ್‌ನಲ್ಲಿ ಕೊಂಡರೂ ದುಡ್ಡು ಒಂದೇ ಗಲ್ಲಾಪೆಟ್ಟಿಗೆಗೆ. ಒಂದೇ ಅಂಗಡಿ ಇಟ್ಟುಕೊಂಡವರು ಏನು ಮಾಡಬೇಕು?

ಮೈಸೂರಿನಲ್ಲಿ ಸುಮ್ನೆ ಕೂರಲು ಜಾಗಕ್ಕೆ ಬರವೂ ಇಲ್ಲ. ಕುಕ್ಕರಹಳ್ಳಿ ಕೆರೆ ಏರಿ ಸಾಕು. ಇನ್ನು ದೇವರಾಜ ಮಾರುಕಟ್ಟೆ ನೋಡಿ. 2016ರಲ್ಲಿ ಅದರ ಒಂದು ಭಾಗವೇ ಕುಸಿಯಿತು. ಆದರೂ ಹೂವು, ವೀಳ್ಯದೆಲೆ, ಕುಂಕುಮಕ್ಕೆ ಜನ ಅಲ್ಲಿಗೇ ಹೋಗುತ್ತಾರೆ. ಅವರನ್ನು ಕರೆಸಲು ಯಾರೂ ರಂಗೋಲಿ ಸ್ಪರ್ಧೆ ಇಟ್ಟಿಲ್ಲ.

ಮಾಲ್ ಉಳಿಯುವುದಿದ್ದರೆ ಕೆಲಸ ಮಾಡಿಕೊಡುವ ಅಂಗಡಿಗಳಿಂದ. ಪ್ಯಾಂಟ್ ಉದ್ದ ಕಡಿಮೆ ಮಾಡಿಕೊಡುವವರು, ವಾಚ್ ಬೆಲ್ಟ್ ಹಾಕಿಕೊಡುವವರು, ಸೀರೆಗೆ ಫಾಲ್ ಹೊಲಿದು ಕುಚ್ಚು ಕಟ್ಟಿಕೊಡುವವರು. ಇಂಥವರಿಗೆ ಮಾಲ್ ಬಾಡಿಗೆ ತೂಗದು. ಹಾಗಾಗಿ ಕಡಿಮೆ ಬಾಡಿಗೆಗೆ ಜಾಗ ಕೊಡಬೇಕಾದವರು ಮಾಲ್‌ನವರೇ. ಮೇಳಕ್ಕೆ ಸುರಿಯುವ ದುಡ್ಡನ್ನು ಇಲ್ಲಿ ಹಾಕಲಿ.

ಬ್ಲೌಸ್ ಪೀಸನ್ನೇ ತೆಗೆದುಕೊಳ್ಳಿ. ಫೋನಿನಲ್ಲಿ ಮೆರೂನ್ ಎಂದು ಕಂಡದ್ದು ಮನೆಗೆ ಬಂದಾಗ ಇಟ್ಟಿಗೆ ಬಣ್ಣ. ಅದಕ್ಕೇ ನಮ್ಮಮ್ಮ ಇವತ್ತಿಗೂ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ದೇವರಾಜ ಅರಸು ರಸ್ತೆಗೇ ಹೊರಡುತ್ತಾರೆ. ಮ್ಯಾಚಿಂಗ್ ಸೆಂಟರ್‌ನ ಹುಡುಗ ಹತ್ತು ರಾಮಾ ಗ್ರೀನ್ ತೆಗೆದು ಹಾಕುತ್ತಾನೆ. ಹತ್ತೂ ಬೇರೆ ಬೇರೆ. ಕೊನೆಗೆ ಎರಡು ಉಳಿದಾಗ, "ಹೊರಗೆ ಬಿಸಿಲಿಗೆ ಹಿಡಿದು ನೋಡಿ ಅಮ್ಮಾ" ಎನ್ನುತ್ತಾನೆ. ಅಮ್ಮ ಸೀರೆ ಸಮೇತ ಫುಟ್‌ಪಾತಿಗೆ ಇಳಿಯುತ್ತಾರೆ. ಮಾಲ್‌ನ ಒಳಗೆ ಆ ಬಿಸಿಲೂ ಇಲ್ಲ.